ಹ್ಯಾಂಡ್‌ಬ್ರೇಕ್ ನಟ್ ಮುಟ್ಟುವ ಮೊದಲು ಡ್ರಮ್ ಬಿಚ್ಚಿ ನೋಡಿ

ಹ್ಯಾಂಡ್‌ಬ್ರೇಕ್ ಲಿವರ್ 11 ಕ್ಲಿಕ್ ಮೇಲೆ ಬಂದರೂ ಇಳಿಜಾರಿನಲ್ಲಿ ಕಾರು ಜಾರುತ್ತದೆ, ಕೇಬಲ್ ನಟ್ ಬಿಗಿ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದೆ ಅಂದಿದ್ದೀರಲ್ಲ, ಹಾಗಾದರೆ ನಟ್‌ಗೆ ಕೈ ಹಾಕುವುದು ಕೊನೆಗೆ.

ಎಷ್ಟೋ ಸಲ ಸವೆದಿರುವುದು ಬ್ರೇಕ್ ಶೂ, ಅಂದರೆ ಡ್ರಮ್‌ಗೆ ಒಳಗಿನಿಂದ ಒತ್ತಿ ಚಕ್ರ ಹಿಡಿಯುವ ಭಾಗ. ಇಲ್ಲವೇ ಶೂ ಮತ್ತು ಡ್ರಮ್ ನಡುವಿನ ಅಂತರ ಸರಿಮಾಡುವ, ಡ್ರಮ್ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿರುತ್ತದೆ. ಅದನ್ನು ಬಿಟ್ಟು ಸುಮ್ನೆ ಕೇಬಲ್ ಎಳೆದರೆ ಲಿವರ್ ಬಿಗಿ ಅನ್ನಿಸುತ್ತದೆ, ಅಷ್ಟೇ. ಶೂ ತೆಳ್ಳಗಾಗಿದ್ದರೆ ಎರಡೂ ಕಡೆ ಬದಲಿಸಿ. ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್ ಹಾಕಿದ ಮೇಲೆ ಬ್ರೇಕ್ ಪೆಡಲ್ ಹಲವು ಸಲ ಒತ್ತಿ, ಅಡ್ಜಸ್ಟರ್ ತಾನೇ ಸರಿಹೋಗಬಹುದು.

ಕಾರು ಎತ್ತುವ ಮೊದಲು ಸಮತಟ್ಟು ನೆಲ ನೋಡಿಕೊಳ್ಳಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜ್ಯಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ಡಿಕ್ಕಿಯಲ್ಲಿರುವ ಜ್ಯಾಕ್ ಟಯರ್ ಬದಲಿಸಲು ಮಾತ್ರ.

ಆಮೇಲೂ ಲಿವರ್ ಜಾಸ್ತಿ ಮೇಲೆ ಬಂದರೆ, ಅದನ್ನು ಪೂರ್ತಿ ಕೆಳಗಿಳಿಸಿ ನಟ್ ಅರ್ಧರ್ಧ ಸುತ್ತು ತಿರುಗಿಸಿ. ಪ್ರತಿ ಸಲ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಉಜ್ಜಿದರೆ ಸಡಿಲಿಸಿ, ಇಲ್ಲದಿದ್ದರೆ ಓಡಿಸುವಾಗ ಡ್ರಮ್ ಕಾದುಹೋಗುತ್ತದೆ. ಎಷ್ಟು ಕ್ಲಿಕ್‌ಗೆ ಹಿಡಿಯಬೇಕು ಅಂತ ಕಾರಿನ ಮ್ಯಾನ್ಯುಯಲ್‌ನಲ್ಲಿ ನೋಡಿ. ಲಿವರ್ ಎಳೆದಾಗ ಒಂದು ಚಕ್ರ ಹಿಡಿದು ಇನ್ನೊಂದು ಆರಾಮಾಗಿ ತಿರುಗುತ್ತಿದ್ದರೆ, ತಿರುಗುವ ಚಕ್ರದ ಕಡೆಯ ಕೇಬಲ್ ಸಿಕ್ಕಿಕೊಂಡಿದೆಯಾ ನೋಡಿ. ಸಿಕ್ಕಿಕೊಂಡಿದ್ದರೆ ಹೊಸದು ಹಾಕಿಸಿ.