ಪುಣೆಯ ಕೋಥ್ರೂಡ್‌ನ ವೃದ್ಧಾಶ್ರಮದಲ್ಲಿರುವ ನಿಮ್ಮ ತಾಯಿಯ ಬಗ್ಗೆ

ಮರೆವಿನ ಕಾಯಿಲೆಯ ಅಮ್ಮನನ್ನು ಮಾವಶಿಯರು (ಅಲ್ಲಿ ಆರೈಕೆ ಮಾಡುವ ಆಯಾಗಳು) ಮಾತನಾಡಿಸುವುದೇ ಇಲ್ಲ, ಗಬಗಬನೆ ತುತ್ತು ತುರುಕಿ ಹೋಗುತ್ತಾರೆ, ದೂರು ಕೊಡಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ದೂರಿಗೆ ಬೈಗುಳ ತಿನ್ನುವವರು ಮಾವಶಿಯರೇ. ಪಾಳಿ ನಿಗದಿ ಮಾಡುವ ವ್ಯವಸ್ಥಾಪಕರು ಹಾಯಾಗಿರುತ್ತಾರೆ.

ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1990ರ ದಶಕದಲ್ಲಿ ಇಂಥ ನಡವಳಿಕೆಗಳನ್ನೇ ಪಟ್ಟಿ ಮಾಡಿದ್ದರು: ಅವಸರಪಡಿಸುವುದು, ಕಡೆಗಣಿಸುವುದು, ಮಗುವಿನಂತೆ ಕಾಣುವುದು. ಇವು ಸಾಮಾನ್ಯವಾಗಿ ದುರುದ್ದೇಶದಿಂದ ಆಗುವುದಿಲ್ಲ, ಆ ಜಾಗದ ರೂಢಿಯಾಗಿಬಿಟ್ಟಿರುತ್ತವೆ ಎಂಬುದು ಅವರ ವಾದ. ನನಗೂ ಹಾಗೆಯೇ ಅನ್ನಿಸುತ್ತದೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ಹತ್ತು ಜನರಿಗೆ ಉಣಿಸಬೇಕಾದವಳಿಗೆ ತಾಳ್ಮೆಯ ಉಪನ್ಯಾಸ ಕೊಟ್ಟು ಏನು ಪ್ರಯೋಜನ?

ವ್ಯವಸ್ಥಾಪಕರಲ್ಲಿ ಒಂದನ್ನೇ ಪಟ್ಟುಹಿಡಿದು ಕೇಳಿ: ಅಮ್ಮನಿಗೆ ದಿನವೂ ಅದೇ ಮಾವಶಿ ಇರಲಿ. ಮುಖ ಬದಲಾಗುತ್ತಿದ್ದರೆ ನಂಟು ಬೆಳೆಯುವುದಿಲ್ಲ. ಈ ಕಾಯಿಲೆಯಲ್ಲಿ ತಾಯ್ನುಡಿಯ ನಂತರ ಕಲಿತ ಭಾಷೆ ಮೊದಲು ಮಾಸುವುದುಂಟು. ಹಾಗಾಗಿ 'ನೀರು', 'ಸಾಕು', 'ನೋವು' ಮೊದಲಾದ ಕನ್ನಡ ಪದಗಳನ್ನು, ಮರಾಠಿ ಓದುವ ಮಾವಶಿಗೂ ತಿಳಿಯುವಂತೆ, ದೇವನಾಗರಿಯಲ್ಲಿ ಅರ್ಥದೊಂದಿಗೆ ಬರೆದು ಮಂಚದ ಬಳಿ ಅಂಟಿಸಿ. ಅಮ್ಮ ಶಾಲೆಯಲ್ಲಿ ಕಲಿಸುತ್ತಿದ್ದರು ಎಂದಿರಲ್ಲ, ಅದನ್ನೂ ಮಾವಶಿಗೆ ಹೇಳಿ. ಊಟದ ಹೊತ್ತಿಗೇ ಭೇಟಿ ಕೊಡಿ.

ಮೈಮೇಲೆ ಗಾಯ, ಕಟ್ಟಿಹಾಕಿದ ಗುರುತು ಕಂಡರೆ ಮಾತ್ರ ಕಾಯಬೇಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.