ಏಳನೇ ಸ್ಥಾನದಿಂದ ಪ್ರೀಮಿಯರ್‌ಶಿಪ್: 2016ರ ವೆಸ್ಟರ್ನ್ ಬುಲ್‌ಡಾಗ್ಸ್ ಗೆಲುವು ಅದೃಷ್ಟವೇ?

ನೀವು ಈಚೆಗೆ ಮೆಲ್ಬರ್ನ್‌ಗೆ ಬಂದವರು, ಕಚೇರಿಯಲ್ಲಿ ಎಲ್ಲರೂ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ವೆಸ್ಟರ್ನ್ ಬುಲ್‌ಡಾಗ್ಸ್‌ನ 2016ರ ತಂಡದ ಮಾತು ತೆಗೆಯುತ್ತಾರೆ, ಅಂಕಪಟ್ಟಿಯಲ್ಲಿ ಏಳನೆಯದಾಗಿದ್ದ ತಂಡ ಚಾಂಪಿಯನ್ ಆದದ್ದು ಅದೃಷ್ಟವಲ್ಲದೆ ಮತ್ತೇನು ಎಂದು ಕೇಳಿದ್ದೀರಿ. ಒಂದೇ ಪಂದ್ಯ ನೋಡುವುದಾದರೆ ಯಾವುದನ್ನು ನೋಡಲಿ ಎಂದೂ ಕೇಳಿದ್ದೀರಿ. ನಾನು ನಗರದ ಪಶ್ಚಿಮ ಭಾಗದಲ್ಲಿ ವಾಸಿಸುವವನು, ಆ ಕ್ಲಬ್ಬಿನ ಅಭಿಮಾನಿ. ನನ್ನ ಮಾತಿನಲ್ಲಿ ಒಂದಿಷ್ಟು ಪಕ್ಷಪಾತವಿದ್ದೀತು, ಅದನ್ನು ಕಳೆದು ಓದಿಕೊಳ್ಳಿ. ಅದೃಷ್ಟದ ಪಾಲು ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಆ ‘ಏಳನೇ ಸ್ಥಾನ’ ಎಂಬುದೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ.

ಆಟದ ಲೆಕ್ಕ ಮೊದಲು ತಿಳಿದಿರಲಿ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳ, ಪ್ರತಿ ತಂಡದಿಂದ ಮೈದಾನದಲ್ಲಿ 18 ಆಟಗಾರರು, ನಾಲ್ಕು ಕ್ವಾರ್ಟರ್‌ಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಅದಕ್ಕೆ 6 ಅಂಕ. ಪಕ್ಕದ ಗಿಡ್ಡ ಕಂಬದ ಕಡೆಗೆ ಜಾರಿದರೆ ‘ಬಿಹೈಂಡ್’, 1 ಅಂಕ. ಆದ್ದರಿಂದ ಪತ್ರಿಕೆಗಳಲ್ಲಿ 13.11 (89) ಎಂದು ಕಂಡರೆ 13 ಗೋಲು, 11 ಬಿಹೈಂಡ್, ಒಟ್ಟು 89 ಅಂಕ ಎಂದರ್ಥ. ಎಎಫ್‌ಎಲ್ ಎಂಬ ಲೀಗಿನಲ್ಲಿ ಆಗ 18 ಕ್ಲಬ್ಬುಗಳಿದ್ದವು, ಪ್ರತಿ ಕ್ಲಬ್ 22 ಪಂದ್ಯ ಆಡಿದ ಮೇಲೆ ಮೊದಲ ಎಂಟು ತಂಡಗಳು ‘ಫೈನಲ್ಸ್’ ಎಂಬ ಕೊನೆಯ ಹಂತದ ಪಂದ್ಯಗಳಿಗೆ ಹೋಗುತ್ತಿದ್ದವು. ಮೊದಲ ನಾಲ್ಕಕ್ಕೆ ಒಂದು ಸೋಲನ್ನು ಅರಗಿಸಿಕೊಳ್ಳುವ ಅವಕಾಶವಿತ್ತು; ಐದರಿಂದ ಎಂಟರವರೆಗಿನವರು ಒಮ್ಮೆ ಸೋತರೆ ಮನೆಗೆ. ಐಪಿಎಲ್ ನೋಡುವವರಿಗೆ ಈ ಏರ್ಪಾಡು ಪರಿಚಿತವೇ, ಏಕೆಂದರೆ ಮೇಲಿನ ಎರಡು ತಂಡಗಳಿಗೆ ಎರಡನೇ ಅವಕಾಶ ಕೊಡುವ ಆ ಪ್ಲೇಆಫ್ ಪದ್ಧತಿಯನ್ನು 1931ರಲ್ಲಿ ಮೊದಲು ಜಾರಿಗೆ ತಂದದ್ದು ಇದೇ ಲೀಗಿನ ಹಿಂದಿನ ರೂಪವಾದ ವಿಕ್ಟೋರಿಯಾದ ಫುಟ್‌ಬಾಲ್ ಲೀಗ್.

ಈಗ 2016ರ ಪಟ್ಟಿಯನ್ನು ನೋಡಿ. ಸಿಡ್ನಿ, ಜೀಲಾಂಗ್, ಹಾಥಾರ್ನ್ ತಲಾ 17 ಗೆಲುವು, ಗ್ರೇಟರ್ ವೆಸ್ಟರ್ನ್ ಸಿಡ್ನಿ, ಅಡಿಲೇಡ್, ವೆಸ್ಟ್ ಕೋಸ್ಟ್ ತಲಾ 16, ಬುಲ್‌ಡಾಗ್ಸ್ 15, ಎಂಟನೆಯದಾದ ನಾರ್ತ್ ಮೆಲ್ಬರ್ನ್ 12. ಅಂದರೆ ಮೊದಲ ಸ್ಥಾನಕ್ಕೂ ಏಳನೆಯದಕ್ಕೂ ಇದ್ದ ಅಂತರ ಎರಡೇ ಗೆಲುವು, ಏಳಕ್ಕೂ ಎಂಟಕ್ಕೂ ಇದ್ದದ್ದು ಮೂರು. ಎಷ್ಟೋ ಋತುಗಳಲ್ಲಿ 15 ಗೆಲುವಿಗೆ ಮೊದಲ ನಾಲ್ಕರಲ್ಲಿ ಜಾಗ ಸಿಕ್ಕಿದೆ. ಅಗ್ರಸ್ಥಾನ ಪಡೆದ ಸಿಡ್ನಿಯನ್ನೇ ಬುಲ್‌ಡಾಗ್ಸ್ ಜುಲೈ ಆರಂಭದಲ್ಲಿ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ, ಪಂದ್ಯದ ಕೊನೆಯ ಕ್ಷಣಗಳಲ್ಲಿ ಜೇಸನ್ ಜೊಹಾನಿಸೆನ್ ಬಾರಿಸಿದ ಗೋಲಿನಿಂದ ನಾಲ್ಕು ಅಂಕಗಳ ಅಂತರದಲ್ಲಿ ಸೋಲಿಸಿತ್ತು. ಇದನ್ನು ಬಲಹೀನ ತಂಡ ಎನ್ನಲಾಗದು. ಗಾಯಗಳಿಂದ ಜರ್ಜರಿತವಾಗಿದ್ದರೂ ಮೇಲಿನವರ ಹತ್ತಿರವೇ ಉಳಿದುಕೊಂಡಿದ್ದ ತಂಡ ಎನ್ನುವುದು ಸರಿ.

ಗಾಯಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಾಯಕ ಬಾಬ್ ಮರ್ಫಿ 2000ರಿಂದ ಈ ಒಂದೇ ಕ್ಲಬ್ಬಿಗೆ ಆಡಿಕೊಂಡು ಬಂದವರು. ಮೂರನೇ ಸುತ್ತಿನಲ್ಲಿ ಹಾಥಾರ್ನ್ ವಿರುದ್ಧ ತಂಡ ಮೂರು ಅಂಕಗಳಿಂದ ಸೋತ ಪಂದ್ಯದ ಕೊನೆಯಲ್ಲಿ ಅವರ ಮಂಡಿಯ ಅಸ್ಥಿರಜ್ಜು ಹರಿಯಿತು. ಆ ವರ್ಷದ ಅವರ ಆಟ ಅಲ್ಲಿಗೇ ಮುಗಿಯಿತು. ನಾಯಕತ್ವವನ್ನು ಈಸ್ಟನ್ ವುಡ್ ವಹಿಸಿಕೊಂಡರು. ಜುಲೈನಲ್ಲಿ ಸೇಂಟ್ ಕಿಲ್ಡಾ ವಿರುದ್ಧದ ಒಂದೇ ಪಂದ್ಯದಲ್ಲಿ ಮಿಚ್ ವಾಲಿಸ್ ಅವರ ಕಾಲಿನ ಮೂಳೆಗಳು ಮುರಿದವು, ಜ್ಯಾಕ್ ರೆಡ್‌ಪಾತ್ ಅವರ ಮಂಡಿ ಹೋಯಿತು. ಟಾಮ್ ಲಿಬರಟೋರೆ, ಜ್ಯಾಕ್ ಮೆಕ್ರೇಯಂಥ ಮಧ್ಯಮೈದಾನದ ಮುಖ್ಯ ಆಟಗಾರರೂ ಋತುವಿನ ಕೊನೆಯ ಭಾಗದಲ್ಲಿ ಹೊರಗಿದ್ದರು. ಕೊನೆಯ ಸುತ್ತಿನಲ್ಲಿ ತಂಡ ಪರ್ತ್‌ಗೆ ಹೋಗಿ ಫ್ರೀಮ್ಯಾಂಟಲ್‌ಗೂ ಸೋತು ಬಂದಾಗ, ಫೈನಲ್ಸ್‌ನಲ್ಲಿ ಇವರು ಒಂದು ಪಂದ್ಯ ಗೆದ್ದರೆ ಹೆಚ್ಚು ಎಂಬ ಅಭಿಪ್ರಾಯವೇ ಎಲ್ಲೆಡೆ ಇತ್ತು.

ನೀವು ಹೇಳುವ ಅದೃಷ್ಟ ಪ್ರವೇಶಿಸುವುದು ಇಲ್ಲಿ. ಹಿಂದಿನ ವರ್ಷ ಕೆಲವು ಕ್ಲಬ್ಬುಗಳು ಕೊನೆಯ ಸುತ್ತಿನಲ್ಲಿ ತಮ್ಮ ಪ್ರಮುಖ ಆಟಗಾರರನ್ನು ಸಾಲುಸಾಲಾಗಿ ಕೂರಿಸಿದ್ದರಿಂದ ಬೇಸತ್ತ ಲೀಗ್, ಫೈನಲ್ಸ್‌ಗೆ ಮುಂಚೆ ಎಲ್ಲರಿಗೂ ಒಂದು ವಾರದ ಬಿಡುವು ಕೊಡುವ ಪದ್ಧತಿಯನ್ನು 2016ರಲ್ಲೇ ಮೊದಲ ಬಾರಿಗೆ ತಂದಿತು. ಆ ವಾರದಿಂದ ಹೆಚ್ಚು ಲಾಭ ಪಡೆದ ತಂಡ ಯಾವುದೆಂದರೆ ಬುಲ್‌ಡಾಗ್ಸ್ ಎಂದೇ ಹೇಳಬೇಕು: ಲಿಬರಟೋರೆ, ಮೆಕ್ರೇ ಇಬ್ಬರೂ ಮೊದಲ ಫೈನಲ್ಸ್ ಪಂದ್ಯಕ್ಕೆ ಮರಳಿದರು. ಆದರೆ ಬಿಡುವು ಸಿಕ್ಕಿದ್ದು ಎಂಟೂ ತಂಡಗಳಿಗೆ, ಮತ್ತು ಬಿಡುವು ಯಾರಿಗೂ ಪಂದ್ಯ ಗೆದ್ದುಕೊಡುವುದಿಲ್ಲ.

ಇನ್ನು ತರಬೇತುದಾರ ಲ್ಯೂಕ್ ಬೆವರಿಜ್. ಅವರು ಬರುವ ಮುನ್ನ, 2014ರ ಕೊನೆಗೆ, ಕ್ಲಬ್ಬಿನ ಸ್ಥಿತಿ ಶೋಚನೀಯವಾಗಿತ್ತು: ನಾಯಕ ರಯನ್ ಗ್ರಿಫೆನ್ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೊರಟುಹೋದರು, ತರಬೇತುದಾರರು ಹುದ್ದೆ ಬಿಟ್ಟರು, ಗ್ರಿಫೆನ್‌ಗೆ ಬದಲಾಗಿ ಟಾಮ್ ಬಾಯ್ಡ್ ಎಂಬ ಎರಡು ಮೀಟರ್ ಎತ್ತರದ ಹುಡುಗನನ್ನು ದುಬಾರಿ ಒಪ್ಪಂದಕ್ಕೆ ತರಲಾಯಿತು. ಬೆವರಿಜ್ ಅವರ ವಿಧಾನ ಗಮನಿಸುವಂಥದು. ಚೆಂಡಿನ ಸುತ್ತ ಜನ ಮುತ್ತಿಕೊಂಡ ಕಡೆಯೇ, ಒದೆಯುವ ಬದಲು ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ದಾಟಿಸುವ ‘ಹ್ಯಾಂಡ್‌ಬಾಲ್’ಗಳನ್ನು ಸರಪಳಿಯಂತೆ ಹೆಣೆದು, ಆ ಗುಂಪಿನಿಂದ ಹೊರಬಂದವನು ಓಟಕ್ಕೆ ಇಳಿಯುತ್ತಿದ್ದ. ಹೆಲ್ಮೆಟ್ ಹಾಕಿಕೊಂಡು ಆಡುವ, ಕೇವಲ 168 ಸೆಂಟಿಮೀಟರ್ ಎತ್ತರದ ಕೇಲಬ್ ಡೇನಿಯಲ್‌ಗೆ ಇಂಥ ತಂಡದಲ್ಲಿ ಜಾಗವಿತ್ತು. ಬೇರೆ ಕಡೆ ಇರುತ್ತಿತ್ತೋ ಇಲ್ಲವೋ ಸಂಶಯ. ಯಾರೊಬ್ಬ ತಾರೆಯ ಮೇಲೂ ನಿಲ್ಲದ ಆಟವಾದ್ದರಿಂದಲೇ ಒಬ್ಬ ಗಾಯಗೊಂಡಾಗ ಮತ್ತೊಬ್ಬ ಬಂದು ಸೇರಿಕೊಳ್ಳಲು ಸಾಧ್ಯವಾಯಿತು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ತಾರೆಯೇ ಇರಲಿಲ್ಲವೆಂದಲ್ಲ, ಇಪ್ಪತ್ತರ ಹರೆಯದ ಮಾರ್ಕಸ್ ಬಾಂಟೆಂಪೆಲಿ ಆಗಲೇ ಲೀಗಿನ ಉತ್ತಮರಲ್ಲಿ ಒಬ್ಬರಾಗಿದ್ದರು.

ಫೈನಲ್ಸ್‌ನ ಮೊದಲ ಪಂದ್ಯ ಸೆಪ್ಟೆಂಬರ್ 8ರಂದು, ಮತ್ತೆ ಪರ್ತ್‌ನಲ್ಲೇ, ಹಿಂದಿನ ವರ್ಷದ ರನ್ನರ್-ಅಪ್ ವೆಸ್ಟ್ ಕೋಸ್ಟ್ ವಿರುದ್ಧ. ಅದನ್ನು 47 ಅಂಕಗಳಿಂದ ಗೆದ್ದರು. ಮುಂದಿನ ವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ), ಸತತ ಮೂರು ವರ್ಷ ಚಾಂಪಿಯನ್ ಆಗಿದ್ದ ಹಾಥಾರ್ನ್ ತಂಡವನ್ನು, ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದರೂ 23 ಅಂಕಗಳಿಂದ ಮಣಿಸಿದರು. ಸೆಮಿಫೈನಲ್‌ಗೆ ಸಮನಾದ ‘ಪ್ರಿಲಿಮಿನರಿ ಫೈನಲ್’ ಸಿಡ್ನಿಯಲ್ಲಿ, ತಮ್ಮ ಹಳೆಯ ನಾಯಕನನ್ನು ಸೆಳೆದುಕೊಂಡಿದ್ದ ಗ್ರೇಟರ್ ವೆಸ್ಟರ್ನ್ ಸಿಡ್ನಿಯ ಅಂಗಳದಲ್ಲೇ, 89–83. ಅಕ್ಟೋಬರ್ 1ರಂದು ಚಾಂಪಿಯನ್ ಯಾರೆಂದು ನಿರ್ಣಯಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ ವಿರುದ್ಧ 13.11 (89)ಕ್ಕೆ 10.7 (67). ನಾಲ್ಕು ಪಂದ್ಯಗಳಲ್ಲಿ ಮೂರು ತಮಗಿಂತ ಮೇಲಿದ್ದವರ ಊರಿನಲ್ಲೋ ಮೂರು ಬಾರಿಯ ಚಾಂಪಿಯನ್ ಎದುರಿಗೋ ನಡೆದಿದ್ದವು. ಒಂದು ಗೆಲುವನ್ನು ಅದೃಷ್ಟದ ಖಾತೆಗೆ ಹಾಕಬಹುದು, ನಾಲ್ಕನ್ನು ಹಾಕುವುದು ಕಷ್ಟ.

ಗ್ರ್ಯಾಂಡ್ ಫೈನಲ್ ಬಗ್ಗೆ ಸಿಡ್ನಿ ಅಭಿಮಾನಿಗಳು ನಿಮಗೆ ಬೇರೆ ಕಥೆ ಹೇಳುತ್ತಾರೆ, ಅದರಲ್ಲೂ ಹುರುಳಿದೆ. ಅಂಪೈರ್‌ಗಳು ಕೊಟ್ಟ ಫ್ರೀಕಿಕ್‌ಗಳ ಲೆಕ್ಕ 20–8, ಬುಲ್‌ಡಾಗ್ಸ್ ಪರವಾಗಿ. ಸಿಡ್ನಿಯ ಲ್ಯಾನ್ಸ್ ಫ್ರಾಂಕ್ಲಿನ್ ಆರಂಭದಲ್ಲೇ ಪಾದದ ಕೀಲು ನೋಯಿಸಿಕೊಂಡರು, ಡ್ಯಾನ್ ಹ್ಯಾನೆಬರಿ ಕೊನೆಯ ಕ್ವಾರ್ಟರ್‌ನಲ್ಲಿ ಮಂಡಿಗೆ ಪೆಟ್ಟಾಗಿ ಹೊರಹೋದರು. ಆದರೂ ಆ ಕ್ವಾರ್ಟರ್‌ನ ಒಂದು ಪ್ರಸಂಗವನ್ನು ನೀವೇ ನೋಡಿ ತೀರ್ಮಾನಿಸಿ. ಅಂತರ ಇನ್ನೂ ಸಣ್ಣದಿದ್ದಾಗ ಫ್ರಾಂಕ್ಲಿನ್ ಚೆಂಡು ಹಿಡಿದು ಓಡುತ್ತಾರೆ. ಡೇಲ್ ಮಾರಿಸ್ ಹಿಂದಿನಿಂದ ಹಾರಿ ಅವರನ್ನು ಹಿಡಿದು ಕೆಡವುತ್ತಾರೆ. ಬೆನ್ನೆಲುಬಿನಲ್ಲಿ ಬಿರುಕಿಟ್ಟುಕೊಂಡೇ ಮಾರಿಸ್ ಆ ಫೈನಲ್ಸ್ ಆಡಿದ್ದರೆಂಬುದು ಹೊರಬಿದ್ದದ್ದು ಆಮೇಲೆ. ಸಡಿಲವಾದ ಚೆಂಡು ಬಾಯ್ಡ್ ಕೈ ಸೇರುತ್ತದೆ, ಅವರು ಗೋಲಿನಿಂದ ಐವತ್ತು ಮೀಟರ್ ದೂರದ ಗೆರೆಗೂ ಎಷ್ಟೋ ಹಿಂದಿನಿಂದ ಒದೆಯುತ್ತಾರೆ, ಕಾವಲಿಲ್ಲದ ಗೋಲಿನ ಮುಂದೆ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಕಂಬಗಳ ನಡುವೆ ಹೋಗುತ್ತದೆ. ಮೊಟ್ಟೆಯಾಕಾರದ ಚೆಂಡು ಯಾವ ಕಡೆಗೆ ಪುಟಿಯುವುದೆಂದು ಯಾರೂ ಹೇಳಲಾರರು, ಅಷ್ಟು ಅದೃಷ್ಟವನ್ನು ನಾನು ಒಪ್ಪುತ್ತೇನೆ. ಮಾರಿಸ್ ಹಿಡಿದದ್ದು ಅದೃಷ್ಟವಲ್ಲ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಜೊಹಾನಿಸೆನ್‌ಗೆ ಹೋಯಿತು.

ಜನ ಇಂದಿಗೂ ಅದನ್ನೇ ಮಾತಾಡುವುದಕ್ಕೆ ಆಟದಾಚೆಗಿನ ಕಾರಣವಿದೆ. ಕ್ಲಬ್ಬಿನ ಮೂಲ ಹೆಸರು ಫುಟ್ಸ್‌ಕ್ರೇ. ಕಾರ್ಖಾನೆಗಳ, ದುಡಿಯುವವರ, ವಲಸೆ ಬಂದವರ ಬಡಾವಣೆ ಅದು. 1925ರಲ್ಲಿ ದೊಡ್ಡ ಲೀಗಿಗೆ ಸೇರಿ ಒಂದೇ ಒಂದು ಪ್ರೀಮಿಯರ್‌ಶಿಪ್ ಗೆದ್ದಿದ್ದು 1954ರಲ್ಲಿ. ಅಂದಿನಿಂದ 62 ವರ್ಷ ಬರಗಾಲ. 1961ರ ಬಳಿಕ ಗ್ರ್ಯಾಂಡ್ ಫೈನಲ್ ತಲುಪಿದ್ದೇ ಇಲ್ಲ, 1985ರಿಂದ 2010ರ ನಡುವೆ ಏಳು ಪ್ರಿಲಿಮಿನರಿ ಫೈನಲ್‌ಗಳಲ್ಲಿ ಸೋಲು, ಅದರಲ್ಲಿ 1997ರದು ಎರಡೇ ಅಂಕಗಳಿಂದ. 1989ರಲ್ಲಂತೂ ಸಾಲದ ನೆಪದಲ್ಲಿ ಕ್ಲಬ್ಬನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಲು ಲೀಗ್ ನಿರ್ಧರಿಸಿಬಿಟ್ಟಿತ್ತು. ಅಭಿಮಾನಿಗಳು ನ್ಯಾಯಾಲಯದ ಮೆಟ್ಟಿಲೇರಿ ಸಮಯ ಪಡೆದರು, ಕೆಲವೇ ವಾರಗಳಲ್ಲಿ ಡಬ್ಬಿ ಹಿಡಿದು ಬೀದಿ ಸುತ್ತಿ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ಕೂಡಿಸಿದರು. ಆ ಹೋರಾಟದ ಮುಂದಾಳು ಪೀಟರ್ ಗಾರ್ಡನ್ ಅವರೇ 2016ರಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ನಿಮ್ಮ ಸಹೋದ್ಯೋಗಿಗಳಲ್ಲಿ ಐವತ್ತು ದಾಟಿದವರಿದ್ದರೆ ಆ ಡಬ್ಬಿಗೆ ಕಾಸು ಹಾಕಿದವರೂ ಇರಬಹುದು, ಕೇಳಿ ನೋಡಿ.

ಬಹುಮಾನ ವಿತರಣೆಯಲ್ಲಿ ಬೆವರಿಜ್ ತಮಗೆ ಸಿಕ್ಕ ತರಬೇತುದಾರರ ಪದಕವನ್ನು, ಆಡಲಾಗದೆ ಹೊರಗುಳಿದಿದ್ದ ಮರ್ಫಿಯನ್ನು ವೇದಿಕೆಗೆ ಕರೆದು ಅವರ ಕೊರಳಿಗೆ ಹಾಕಿದ್ದನ್ನು ನೀವು ಈಗಾಗಲೇ ಕೇಳಿರುತ್ತೀರಿ. ಮರುವರ್ಷ ಅದೇ ತಂಡ 11 ಗೆದ್ದು 11 ಸೋತು ಹತ್ತನೆಯದಾಯಿತು, ಫೈನಲ್ಸ್‌ಗೂ ಬರಲಿಲ್ಲ. ಅದೃಷ್ಟದ ವಾದಕ್ಕೆ ಇದೇ ಸಾಕ್ಷಿ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ಅಷ್ಟು ದೈಹಿಕ ಶ್ರಮ ಬೇಡುವ ಆಟವನ್ನು ಇಷ್ಟು ಎಳೆಯ ತಂಡ ಎರಡು ವರ್ಷ ಒಂದೇ ಮಟ್ಟದಲ್ಲಿ ಆಡುವುದು ದುಸ್ಸಾಧ್ಯವಾಗಿತ್ತು.

ಒಂದೇ ಪಂದ್ಯ ನೋಡುವುದಾದರೆ ಗ್ರ್ಯಾಂಡ್ ಫೈನಲ್ ಬಿಟ್ಟು ಸೆಪ್ಟೆಂಬರ್ 24ರ ಪ್ರಿಲಿಮಿನರಿ ಫೈನಲ್ ನೋಡಿ. ಆಟದ ಗುಣಮಟ್ಟ ಅದರಲ್ಲೇ ಹೆಚ್ಚು. ಮೂರು ಬಾರಿ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದ ಕ್ಲೇ ಸ್ಮಿತ್ ನಾಲ್ಕು ಗೋಲು ಹೊಡೆದದ್ದೂ, ಕೊನೆಯ ಕ್ವಾರ್ಟರ್‌ನಲ್ಲಿ ಹಿಂದಿದ್ದ ತಂಡ ಬಾಂಟೆಂಪೆಲಿ, ಮೆಕ್ರೇಯರ ಗೋಲುಗಳಿಂದ ಮುಂದೆ ಬಂದದ್ದೂ ಅದರಲ್ಲಿದೆ. ಧ್ವನಿ ಜೋರಾಗಿಟ್ಟು ನೋಡಿ. ಎದುರಾಳಿಯ ಮೈದಾನವಾದರೂ ಮೆಲ್ಬರ್ನ್‌ನಿಂದ ಬಂದವರ ಕೂಗೇ ಹೆಚ್ಚು ಕೇಳಿಸುತ್ತದೆ.