ಡಿಸ್ಟ್ರಿಬ್ಯೂಟರ್ ತಿರುಗಿಸುವ ಮೊದಲು
ಓದುಗರ ಪ್ರಶ್ನೆ: ಹಳೆ ಗಾಡಿ ವಿಭಾಗ

ಪ್ರಶ್ನೆ (ಸಾಗರದಿಂದ): ನಮ್ಮದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಭಾಗ) ಬಿಚ್ಚಿ ತೊಳೆದು, ಅದರೊಳಗೆ ಕರೆಂಟ್ ಕಡಿದು ಕಿಡಿ ಎಬ್ಬಿಸುವ ಪಾಯಿಂಟ್, ಆ ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರ್ ಎರಡನ್ನೂ ಹೊಸದಾಗಿ ಹಾಕಿಸಿದೆವು. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕಾರ್ಬುರೇಟರ್ ಕಡೆಯಿಂದ ‘ಢಬ್’ ಎನ್ನುತ್ತದೆ. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಈಗ ಮೊದಲು ಎಲ್ಲಿತ್ತೆಂಬ ಗುರುತೂ ಇಲ್ಲ.

ಉತ್ತರ: ಆ ‘ಢಬ್’ ಒಳ್ಳೆಯ ಸುದ್ದಿಯೇ. ಪೆಟ್ರೋಲ್ ಬರುತ್ತಿದೆ, ಕಿಡಿಯೂ ಬರುತ್ತಿದೆ, ಬರಬೇಕಾದ ಹೊತ್ತಿಗೆ ಬರುತ್ತಿಲ್ಲ. ಇನ್‌ಲೆಟ್ ವಾಲ್ವ್ ತೆರೆದಿರುವಾಗ ಕಿಡಿ ಹಾರಿದರೆ ಬೆಂಕಿ ಕಾರ್ಬುರೇಟರ್ ಕಡೆಗೇ ನುಗ್ಗುತ್ತದೆ. ಹತ್ತರಲ್ಲಿ ಎಂಟು ಸಲ ಇದಕ್ಕೆ ಕಾರಣ ಪ್ಲಗ್ ವಯರ್‌ಗಳು ಅದಲುಬದಲಾಗಿರುವುದು, ಇಲ್ಲವೇ ಒಂದನೇ ಸಿಲಿಂಡರಿನ ಲೆಕ್ಕ ಒಂದು ಪೂರ್ತಿ ಸುತ್ತು ತಪ್ಪಿರುವುದು. ಡಿಸ್ಟ್ರಿಬ್ಯೂಟರನ್ನು ನಾಲ್ಕಾರು ಡಿಗ್ರಿ ತಿರುಗಿಸಿದರೆ ಇವೆರಡೂ ಸರಿಹೋಗುವುದಿಲ್ಲ. ಹಾಗಾಗಿ ಅದನ್ನು ಸದ್ಯಕ್ಕೆ ಮುಟ್ಟಬೇಡಿ.

ಮೊದಲು ಪಾಯಿಂಟ್ ಗ್ಯಾಪ್. ಟೈಮಿಂಗ್ (ಕಿಡಿ ಹಾರುವ ಹೊತ್ತು) ಇಟ್ಟಮೇಲೆ ಗ್ಯಾಪ್ ಸರಿಪಡಿಸಿದರೆ ಇಟ್ಟ ಟೈಮಿಂಗ್ ಹೋಯಿತೆಂದೇ ಲೆಕ್ಕ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಅಡ್ವಾನ್ಸ್ ಆಗುತ್ತದೆ (ಕಿಡಿ ಬೇಗ ಹಾರುತ್ತದೆ), ಕಡಿಮೆಯಾದರೆ ರಿಟಾರ್ಡ್ (ತಡವಾಗಿ ಹಾರುತ್ತದೆ). ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮಿನ ಉಬ್ಬು ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ಎತ್ತಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಇಟ್ಟು 0.35ರಿಂದ 0.40 ಮಿ.ಮೀ. ಮಾಡಿ. ನಾಲ್ಕು ಉಬ್ಬುಗಳಲ್ಲೂ ಅಳೆಯಿರಿ. ಒಂದರಲ್ಲಿ 0.40, ಇನ್ನೊಂದರಲ್ಲಿ 0.25 ಬಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದೆ, ಅಥವಾ ಕ್ಯಾಮೇ ಸವೆದಿದೆ. ಅಂಥದಕ್ಕೆ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ಹೊಸ ಪಾಯಿಂಟಿನ ಮೇಲೆ ತುಕ್ಕು ಹಿಡಿಯದಿರಲೆಂದು ಎಣ್ಣೆಯ ಪದರ ಇರುತ್ತದೆ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ, ಸಾಕು. ಹೆಚ್ಚಾದರೆ ಅದು ಸಿಡಿದು ಪಾಯಿಂಟಿಗೇ ಮೆತ್ತಿಕೊಳ್ಳುತ್ತದೆ.

ಇನ್ನು ಒಂದನೇ ಸಿಲಿಂಡರ್, ಅಂದರೆ ರೇಡಿಯೇಟರ್ ಪಕ್ಕದ್ದು. ನಾಲ್ಕೂ ಪ್ಲಗ್ ಬಿಚ್ಚಿ. ಒಂದನೇ ತೂತಿಗೆ ಹೆಬ್ಬೆರಳು ಒತ್ತಿಟ್ಟು, ಇನ್ನೊಬ್ಬರಿಂದ ಹ್ಯಾಂಡಲ್ ಹಾಕಿ ಎಂಜಿನ್ ನಿಧಾನ ತಿರುಗಿಸಿ; ಹ್ಯಾಂಡಲ್ ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಗಾಡಿ ತಳ್ಳಿ. ಗಾಳಿ ಬೆರಳನ್ನು ದಬ್ಬತೊಡಗಿದರೆ ಅದು ಕಂಪ್ರೆಶನ್ ಸ್ಟ್ರೋಕ್. ಕ್ರ್ಯಾಂಕ್ ಪುಲ್ಲಿಯ ಕಚ್ಚು ಟೈಮಿಂಗ್ ಕವರಿನ ಮುಳ್ಳುಗಳ ಹತ್ತಿರ ಬರುವವರೆಗೆ ಹಾಗೇ ತಿರುಗಿಸಿ. ಮುಳ್ಳುಗಳಲ್ಲಿ ಉದ್ದನೆಯದು ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ), ಉಳಿದವು ಅದಕ್ಕಿಂತ ಮೊದಲಿನ 5 ಮತ್ತು 10 ಡಿಗ್ರಿ. ಎಣ್ಣೆ ಕೊಳೆಯಲ್ಲಿ ಇವು ಕಾಣುವುದೇ ಇಲ್ಲ, ತಂತಿ ಬ್ರಷ್‌ನಿಂದ ಉಜ್ಜಿ ಕಚ್ಚಿಗೆ ಬಿಳಿ ಪೇಂಟ್ ಹಚ್ಚಿಕೊಳ್ಳಿ.

ಬೆರಳಿನ ಮೇಲೆ ನಂಬಿಕೆ ಇಲ್ಲದವರು ಟ್ಯಾಪೆಟ್ ಕವರ್ ತೆಗೆದು ನಾಲ್ಕನೇ ಸಿಲಿಂಡರ್ ನೋಡಬಹುದು. ಅಲ್ಲಿ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯುತ್ತಾ ಎರಡೂ ರಾಕರ್ ತೂಗಾಡುತ್ತಿದ್ದರೆ ಒಂದನೆಯದು ಕಿಡಿಗೆ ಸಿದ್ಧವಾಗಿದೆ. ತೂಗಾಟ ಒಂದನೆಯದರಲ್ಲೇ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಕಚ್ಚು ಮುಳ್ಳಿಗೆ ಎರಡು ಸುತ್ತಲ್ಲೂ ಸೇರುತ್ತದೆ, ಎಡವುವುದು ಇಲ್ಲೇ.

ಈಗ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ಸುತ್ತುವ ರೋಟರ್ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ಕ್ಯಾಪಿನಲ್ಲಿ ಆ ದಿಕ್ಕಿನ ಕಂಬಕ್ಕೆ ಒಂದನೇ ಪ್ಲಗ್ಗಿನ ವಯರ್. ಅಲ್ಲಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 3, 4, 2. ಈ ಎಂಜಿನ್ನಿನಲ್ಲಿ ರೋಟರ್ ಸುತ್ತುವುದೇ ಹಾಗೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ಹಾಕಿದರೆ 1 ಮತ್ತು 4 ಸರಿಯಿದ್ದು, 2 ಮತ್ತು 3 ಅದಲುಬದಲಾಗಿರುತ್ತವೆ. ನೀವು ಹೇಳಿದ ಢಬ್ ಸದ್ದಿಗೆ ಅಷ್ಟೇ ಸಾಕು. ಡಿಸ್ಟ್ರಿಬ್ಯೂಟರಿನ ಕೆಳತುದಿಯ ನಾಲಿಗೆ ನಡುಮಧ್ಯದಲ್ಲಿರದೆ ಸ್ವಲ್ಪ ಪಕ್ಕಕ್ಕಿರುವುದರಿಂದ ಅದನ್ನು ಉಲ್ಟಾ ಕೂರಿಸಲು ಬರುವುದಿಲ್ಲ. ಆದರೆ ಅದನ್ನು ತಿರುಗಿಸುವ ಸ್ಪಿಂಡಲ್ಲನ್ನೇ ಯಾರಾದರೂ ಹೊರತೆಗೆದು ಹಾಕಿದ್ದರೆ ಹಳೆಯ ವಯರ್ ಜಾಗಗಳನ್ನು ನಂಬುವಂತಿಲ್ಲ.

ಕೊನೆಗೆ ಟೈಮಿಂಗ್. 12 ವೋಲ್ಟಿನ ಚಿಕ್ಕ ಬಲ್ಬಿಗೆ ಎರಡು ವಯರ್ ಕಟ್ಟಿ. ಒಂದು ತುದಿ ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಭಾಗ) ಬರುವ ತೆಳು ವಯರಿನ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಬಾಡಿಗೆ. ಇಗ್ನಿಷನ್ ಆನ್. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಉರಿಯುತ್ತದೆ. ಕಿಡಿ ಹಾರುವುದೂ ಆ ಕ್ಷಣದಲ್ಲೇ. ಕಚ್ಚನ್ನು ನಿಮ್ಮ ಗಾಡಿಯ ಪುಸ್ತಕ ಹೇಳುವ ಡಿಗ್ರಿಗೆ ತನ್ನಿ. ಪುಸ್ತಕ ಸಿಗದಿದ್ದರೆ ಸ್ಟಾರ್ಟ್ ಮಾಡುವ ಮಟ್ಟಿಗೆ 5ರ ಮುಳ್ಳು ಸಾಕು. ಗುರುತು ದಾಟಿ ಹೋದರೆ ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ನಿಲ್ಲಿಸಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ, ಇಲ್ಲದಿದ್ದರೆ ಟೈಮಿಂಗ್ ಚೈನಿನ ಸಡಿಲವೂ ಲೆಕ್ಕದಲ್ಲಿ ಸೇರುತ್ತದೆ. ಆಮೇಲೆ ಕ್ಲ್ಯಾಂಪ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಬಲ್ಬ್ ಆರುವಷ್ಟು ಅಪ್ರದಕ್ಷಿಣೆಯಾಗಿ ತಿರುಗಿಸಿ, ಅಲ್ಲಿಂದ ಬಲ್ಬ್ ಹತ್ತುವವರೆಗೆ ನಿಧಾನ ಪ್ರದಕ್ಷಿಣೆಯಾಗಿ ತನ್ನಿ. ಹತ್ತಿದಲ್ಲೇ ಬಿಗಿಯಿರಿ. ಬಿಗಿಯುವಾಗ ಅದು ಜರುಗುವುದುಂಟು, ಇನ್ನೊಮ್ಮೆ ಎಂಜಿನ್ ತಿರುಗಿಸಿ ನೋಡಿ.

ಪ್ಲಗ್ ಗ್ಯಾಪ್ 0.6 ಮಿ.ಮೀ. ಇರಲಿ. ಇಷ್ಟು ದಿನ ಸೆಲ್ಫ್ ಹೊಡೆದದ್ದಕ್ಕೆ ಪ್ಲಗ್ಗೆಲ್ಲ ನೆನೆದಿರುತ್ತವೆ, ಒಣಗಿಸಿಯೇ ಹಾಕಿ. ಟ್ಯಾಂಕಿನಲ್ಲಿರುವುದು ಎರಡು ವರ್ಷದ ಪೆಟ್ರೋಲ್ ಆದರೆ ಅದನ್ನು ಬಸಿದುಬಿಡಿ.

ಪ್ರಶ್ನೆ (ಚಿತ್ರದುರ್ಗದಿಂದ): ಬಲ್ಬ್ ಕಟ್ಟಿ ನೋಡಿದೆ. ಎಂಜಿನ್ ಎಷ್ಟು ತಿರುಗಿಸಿದರೂ ಬಲ್ಬ್ ಹತ್ತುವುದೇ ಇಲ್ಲ. ಪಾಯಿಂಟ್ ಹೊಸದು.

ಉತ್ತರ: ಮೊದಲು ಕಾಯಿಲಿಗೆ ಕರೆಂಟ್ ಬರುತ್ತಿದೆಯೇ ನೋಡಿ. ಇಗ್ನಿಷನ್ ಸ್ವಿಚ್ಚಿನಿಂದ ಬರುವ ಟರ್ಮಿನಲ್ಲಿಗೆ ಬಲ್ಬ್ ಮುಟ್ಟಿಸಿದರೆ ತಿಳಿಯುತ್ತದೆ. ಅಲ್ಲಿ ಉರಿದರೆ ಬಹುಮಟ್ಟಿಗೆ ಪಾಯಿಂಟಿನ ಬಳಿ ಎಲ್ಲೋ ಅರ್ತ್ ಆಗಿದೆ, ಅಂದರೆ ಕರೆಂಟ್ ಬಾಡಿಗೆ ಹರಿಯುತ್ತಿದೆ. ಪಾಯಿಂಟಿನ ಸ್ಪ್ರಿಂಗ್ ಕೂರುವ ಕಂಬದಲ್ಲಿ ಫೈಬರ್ ವಾಷರ್‌ಗಳಿರುತ್ತವೆ. ಕಾಯಿಲ್ ವಯರ್, ಕಂಡೆನ್ಸರ್ ವಯರ್, ಸ್ಪ್ರಿಂಗ್ ಮೂರೂ ಒಂದಕ್ಕೊಂದು ತಾಗಿರಬೇಕು, ಪ್ಲೇಟಿಗೆ ಮಾತ್ರ ತಾಗಬಾರದು. ಒಂದು ವಾಷರ್ ಮೇಲೆ ಕೆಳಗಾದರೆ ಪಾಯಿಂಟ್ ತೆರೆದರೂ ತೆರೆಯದಂತೆಯೇ. ವಾಷರ್ ಸರಿ ಇದ್ದರೆ ಕಂಡೆನ್ಸರ್ ವಯರ್ ಬಿಡಿಸಿ; ಆಗ ಬಲ್ಬ್ ಹತ್ತಿದರೆ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಹೊಸತೆಂಬ ಕಾರಣಕ್ಕೆ ಕಂಡೆನ್ಸರನ್ನು ನಂಬಬೇಡಿ. ಓಡುತ್ತಿದ್ದ ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಜಾಣತನ.

ಇದಕ್ಕೆ ಉಲ್ಟಾ, ಬಲ್ಬ್ ಆರುವುದೇ ಇಲ್ಲ ಎಂದಾದರೆ ಪಾಯಿಂಟಿನ ಮುಖ ಕೊಳೆಯಾಗಿದೆ, ಅಥವಾ ಒಳಗಿನ ಪ್ಲೇಟನ್ನು ಬಾಡಿಗೆ ಜೋಡಿಸುವ ಸಣ್ಣ ಅರ್ತ್ ವಯರ್ ತುಂಡಾಗಿದೆ.

ಪ್ರಶ್ನೆ (ಮಡಿಕೇರಿಯಿಂದ): ಪಾಯಿಂಟ್ ಇರುವ ಹಳೆ ಬುಲೆಟ್ 350. ಕಿಕ್ ಹೊಡೆದರೆ ಕಿಕ್ಕರ್ ತಿರುಗಿ ಕಾಲಿಗೇ ಒದೆಯುತ್ತದೆ. ಸ್ಟಾರ್ಟ್ ಆಗುವುದು ಅಪರೂಪ.

ಉತ್ತರ: ಪಿಸ್ಟನ್ ಮೇಲೇರುವ ಮೊದಲೇ ಕಿಡಿ ಹಾರಿ ಅದನ್ನು ಕೆಳಕ್ಕೆ ದಬ್ಬುತ್ತಿದೆ, ಅಂದರೆ ಟೈಮಿಂಗ್ ಅತಿಯಾಗಿ ಅಡ್ವಾನ್ಸ್ ಆಗಿದೆ. ಸರಿಪಡಿಸುವವರೆಗೆ ಕಿಕ್ ಹೊಡೆಯಬೇಡಿ, ಪಾದ ಮುರಿದುಕೊಂಡವರಿದ್ದಾರೆ.

ಪಾಯಿಂಟ್ ಪ್ಲೇಟಿನ ಹಿಂದಿರುವ ಆಟೊ ಅಡ್ವಾನ್ಸ್ (ವೇಗ ಏರಿದಂತೆ ಕಿಡಿಯನ್ನು ಬೇಗ ಹಾರಿಸುವ ವ್ಯವಸ್ಥೆ) ತೂಕಗಳನ್ನು ಮೊದಲು ನೋಡಿ. ಕ್ಯಾಮನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಟಪ್ಪೆಂದು ಮೊದಲಿನ ಜಾಗಕ್ಕೆ ಬರಬೇಕು. ಬರದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಒಣಗಿ ಅಂಟಿದೆ. ಗಾಡಿ ಸದಾ ಪೂರ್ತಿ ಅಡ್ವಾನ್ಸಿನಲ್ಲೇ ಉಳಿದುಬಿಡುತ್ತದೆ, ಟೈಮಿಂಗ್ ಎಷ್ಟು ಸಲ ಇಟ್ಟರೂ ಒದೆಯುತ್ತದೆ. ತೊಳೆದು ಒಂದು ಹನಿ ತೆಳು ಎಣ್ಣೆ ಬಿಡಿ.

ಆಮೇಲೆ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಕ್ಯಾಮ್ ರಿಟಾರ್ಡ್ ಸ್ಥಿತಿಯಲ್ಲಿರುವಾಗ, ಕಂಪ್ರೆಶನ್ ಸ್ಟ್ರೋಕಿನಲ್ಲಿ, ಪಿಸ್ಟನ್ ಟಿಡಿಸಿಗಿಂತ 0.8 ಮಿ.ಮೀ. ಕೆಳಗಿದ್ದಾಗ ಪಾಯಿಂಟ್ ತೆರೆಯಬೇಕು. ಪ್ಲಗ್ ತೂತು ಓರೆಯಾಗಿರುವುದರಿಂದ ಕಡ್ಡಿ ಇಳಿಸಿ ಅಳೆದದ್ದು ಸ್ವಲ್ಪ ಮೋಸ ಮಾಡುತ್ತದೆ, ಕಡ್ಡಿ ಒಳಗೆ ಸಿಕ್ಕಿಕೊಳ್ಳಲೂಬಹುದು, ಎಚ್ಚರ. ಪ್ಲಗ್ ತೆಗೆದು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ಪಿಸ್ಟನ್ನನ್ನು ಕೂದಲೆಳೆಯಷ್ಟೂ ಸರಿಸಬಹುದು. ಬಲ್ಬ್ ಬೇಕಿಲ್ಲ, ಗಾಡಿಯ ಆಮ್ಮೀಟರೇ ಸಾಕು. ಇಗ್ನಿಷನ್ ಆನ್ ಮಾಡಿದಾಗ ಪಾಯಿಂಟ್ ಮುಚ್ಚಿದ್ದರೆ ಮುಳ್ಳು ಮೈನಸ್ ಕಡೆ ವಾಲುತ್ತದೆ, ತೆರೆದ ಕ್ಷಣ ಮಧ್ಯಕ್ಕೆ ಜಿಗಿಯುತ್ತದೆ. ಆ ಜಿಗಿತ 0.8ರಲ್ಲಿ ಬರುವಂತೆ ಪ್ಲೇಟ್ ಸರಿಸಿ. ಪ್ಲೇಟಿನ ಸೀಳು ಸಾಲದಿದ್ದರೆ ಆಟೊ ಅಡ್ವಾನ್ಸನ್ನೇ ಶಾಫ್ಟಿನಿಂದ ಬಿಡಿಸಿ ಕೂರಿಸಬೇಕಾಗುತ್ತದೆ.

ಇಗ್ನಿಷನ್ ಆನ್ ಇಟ್ಟುಕೊಂಡು ಹರಟೆಗೆ ಕೂರಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ.

ಪ್ರಶ್ನೆ (ಮೈಸೂರಿನಿಂದ): ನಮ್ಮೂರಿನದೇ ಆದ ಐಡಿಯಲ್ ಜಾವಾ 250. ಇದಕ್ಕೂ ಒಂದು ಸುತ್ತು ತಪ್ಪುವ ತೊಂದರೆ ಇದೆಯೇ?

ಉತ್ತರ: ಇಲ್ಲ. ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಕಿಡಿ ಕೇಳುತ್ತದೆ, ಹಾಗಾಗಿ ಟಿಡಿಸಿ ಒಂದೇ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಡಿ. ಟೈಮಿಂಗಿನ ಮಿಲಿಮೀಟರ್ ಲೆಕ್ಕವನ್ನು ನಿಮ್ಮ ಮಾಡೆಲಿನ ಪುಸ್ತಕದಿಂದಲೇ ತೆಗೆದುಕೊಳ್ಳಿ, ಯೆಜ್ಡಿ ರೋಡ್‌ಕಿಂಗ್ ಬೈಕ್ ಇಟ್ಟುಕೊಂಡವರ ಬಾಯಿಮಾತನ್ನು ಜಾವಾಕ್ಕೆ ಹಚ್ಚಬೇಡಿ. ತೀರಾ ಅಡ್ವಾನ್ಸ್ ಆದರೆ ಟೂ ಸ್ಟ್ರೋಕ್ ಎಂಜಿನ್ ಉಲ್ಟಾ ಸುತ್ತಿಗೂ ಸ್ಟಾರ್ಟ್ ಆಗಬಲ್ಲದು. ಫಸ್ಟ್ ಗೇರ್ ಹಾಕಿದೊಡನೆ ಗಾಡಿ ಹಿಂದಕ್ಕೆ ಹೋದರೆ ಗಾಬರಿಯಾಗದೆ ಆಫ್ ಮಾಡಿ, ಪಾಯಿಂಟ್ ಕವರ್ ಬಿಚ್ಚಿ.